ಅಕೌಸ್ಟಿಕ್ ಗಿಟಾರ್ ಕಡಿಮೆ ಬೆಲೆಗೆ ಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಗ್ಗದ ಗಿಟಾರ್‌ಗೂ ಲಾಭದ ಗಿಟಾರ್‌ಗೂ ಏನು ವ್ಯತ್ಯಾಸ?

ಮಾರುವವರು ಹೇಳುವ ಬೆಲೆ ಅರ್ಧ ಲೆಕ್ಕ ಅಷ್ಟೆ. ಅದಕ್ಕೆ ಒಂದು ಸೆಟ್ ತಂತಿ, ಸೆಟಪ್ (ನುಡಿಸಲು ಹಿತವಾಗುವಂತೆ ಹೊಂದಿಸುವ ಕೆಲಸ) ಕೂಲಿ, ಬೇಕಾದ ರಿಪೇರಿ, ಸಾಗಣೆ, ಚೀಲ ಎಲ್ಲವನ್ನೂ ಕೂಡಿಸಿ. ಬಂದ ಮೊತ್ತವನ್ನು, ಅದೇ ಮಾದರಿ ಸುಸ್ಥಿತಿಯಲ್ಲಿದ್ದರೆ ಎಷ್ಟಕ್ಕೆ ಹೋಗುತ್ತದೆ ಎಂಬುದರ ಜೊತೆ ಹೋಲಿಸಿ. ಹೋಲಿಸಬೇಕಾದದ್ದು ಜಾಹೀರಾತಿನಲ್ಲಿ ಕೇಳಿರುವ ಬೆಲೆಯನ್ನಲ್ಲ, ನಿಜಕ್ಕೂ ಮಾರಾಟವಾದ ಬೆಲೆಯನ್ನು. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಹಲವು ಮಾರಾಟ ತಾಣಗಳಲ್ಲಿ ಈಗಾಗಲೇ ಮಾರಾಟವಾದವುಗಳನ್ನು ಮಾತ್ರ ಬೇರ್ಪಡಿಸಿ ನೋಡುವ ಅವಕಾಶ ಇರುತ್ತದೆ.

ಗಿಟಾರ್ ಕೊಳ್ಳುವವರಿಗೆ ಒಂದು ಅನುಕೂಲ ಉಂಟು. ಕಣ್ಣಿಗೆ ರಾಚುವ ದೋಷಗಳು, ಅಂದರೆ ಗೀರು, ಎದ್ದ ಪಾಲಿಶ್, ತುಕ್ಕು ಹಿಡಿದ ತಂತಿ, ಮುರಿದ ಬಿರಡೆ ಗುಂಡಿ, ಇವನ್ನು ಸರಿಪಡಿಸಲು ಖರ್ಚು ಕಡಿಮೆ. ಕೆಲವನ್ನು ಮುಟ್ಟಲೇ ಬೇಕಿಲ್ಲ. ಆದರೆ ಬೆಲೆ ಬೀಳುವುದು ಇವುಗಳಿಂದಲೇ. ಜೇಬು ಖಾಲಿ ಮಾಡುವ ದೋಷಗಳು ಸಾಮಾನ್ಯ ಫೋಟೋದಲ್ಲಿ ಕಾಣುವುದೇ ಇಲ್ಲ. ಕೆಳಗಿನ ಹೆಚ್ಚಿನ ಉತ್ತರಗಳು ಈ ಎರಡನ್ನು ಬೇರೆ ಮಾಡಿ ನೋಡುವುದರ ಬಗ್ಗೆಯೇ ಇವೆ.

ಹೊಸದು ಕೊಳ್ಳುವುದೋ, ಸೆಕೆಂಡ್ ಹ್ಯಾಂಡೋ?

ನಿಮಗೆ ಅಥವಾ ಜೊತೆಗೆ ಬರುವವರಿಗೆ ಗಿಟಾರ್ ಪರೀಕ್ಷಿಸಲು ಬಂದರೆ ಸೆಕೆಂಡ್ ಹ್ಯಾಂಡ್. ಅಂಗಡಿಯಿಂದ ಹೊರಬಿದ್ದ ಕೂಡಲೇ ಬೆಲೆ ಇಳಿಯುತ್ತದೆ, ಆ ನಷ್ಟವನ್ನು ಮೊದಲ ಯಜಮಾನರು ಆಗಲೇ ತಿಂದಿರುತ್ತಾರೆ. ಕಲಿಯಲು ಕೊಂಡು ಮೂರೇ ತಿಂಗಳಿಗೆ ಕೈಬಿಟ್ಟವರ ಗಿಟಾರ್‌ಗಳು ಬೇಕಾದಷ್ಟು ಸಿಗುತ್ತವೆ. ಅವುಗಳ ಫ್ರೆಟ್‌ಗಳು (ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಕಡ್ಡಿಗಳು) ಸವೆದಿರುವುದೇ ಇಲ್ಲ. ಪರೀಕ್ಷಿಸಲು ಯಾರೂ ಇಲ್ಲದಿದ್ದರೆ ವಾರಂಟಿ ಮತ್ತು ಹಿಂದಿರುಗಿಸುವ ಅವಕಾಶ ಇರುವ ಹೊಸದನ್ನೇ ತೆಗೆದುಕೊಳ್ಳಿ.

ತೀರಾ ಕೆಳಮಟ್ಟದ, ಹೆಸರಿಲ್ಲದ ಹೊಸ ಗಿಟಾರ್‌ಗಳ ಬಗ್ಗೆ ಮಾತ್ರ ಎಚ್ಚರ. ಅವುಗಳಲ್ಲಿ ಕೆಲವಕ್ಕೆ ಕುತ್ತಿಗೆಯ ಬಾಗು ಸರಿಪಡಿಸುವ ಟ್ರಸ್ ರಾಡ್ ಎಂಬ ಒಳಗಿನ ಲೋಹದ ಸರಳು ಇರುವುದಿಲ್ಲ. ತಲೆಯ ಮೇಲೆ, ನಟ್‌ನ (ತಲೆಯೂ ಕುತ್ತಿಗೆಯೂ ಕೂಡುವಲ್ಲಿ ತಂತಿಗಳು ಹಾಯುವ ಸೀಳುಗಳಿರುವ ತುಂಡು) ಹಿಂದೆ ಚಿಕ್ಕ ಮುಚ್ಚಳ ಇದೆಯೇ, ಅಥವಾ ಸೌಂಡ್ ಹೋಲ್ (ಮೇಲ್ಹಲಗೆಯ ದುಂಡು ತೂತು) ಒಳಗೆ ಕುತ್ತಿಗೆಯ ಬುಡದಲ್ಲಿ ಆರುಮೂಲೆಯ ರಂಧ್ರ ಕಾಣುತ್ತದೆಯೇ ನೋಡಿ. ಎರಡೂ ಇಲ್ಲದ ಉಕ್ಕಿನ ತಂತಿಯ ಹೊಸ ಗಿಟಾರ್ ಬಿಟ್ಟಿ ಕೊಟ್ಟರೂ ತಲೆನೋವೇ.

ಸಾಲಿಡ್ ಟಾಪ್ ಎಂದು ಗುರುತಿಸುವುದು ಹೇಗೆ?

ಸಾಲಿಡ್ ಟಾಪ್ ಎಂದರೆ ಪದರಗಳಿಲ್ಲದ ಇಡೀ ಮರದ ಮೇಲ್ಹಲಗೆ. ಸೌಂಡ್ ಹೋಲ್‌ನ ಅಂಚನ್ನು ಟಾರ್ಚ್ ಹಿಡಿದು ನೋಡಿ. ಮೇಲ್ಹಲಗೆಯ ಮರದ ಎಳೆಗಳು ಅಂಚಿನಲ್ಲಿ ಮಡಿಸಿದಂತೆ ನೇರವಾಗಿ ಕೆಳಗಿಳಿದರೆ ಅದು ಇಡೀ ಮರ. ಅಂಚಿನಲ್ಲಿ ಬೇರೆ ಬಣ್ಣದ ಪದರಗಳು ಅಡ್ಡಡ್ಡ ಕಂಡರೆ ಪ್ಲೈ, ಅಂದರೆ ತೆಳು ಪದರಗಳನ್ನು ಅಂಟಿಸಿದ ಹಲಗೆ. ಕೆಲವು ತಯಾರಕರು ಅಂಚಿಗೆ ಬಣ್ಣ ಬಳಿದಿರುತ್ತಾರೆ. ಆಗ ಮೇಲಿನಿಂದ ಒಂದು ಎಳೆಯನ್ನೋ ಗಂಟನ್ನೋ ಗುರುತಿಟ್ಟುಕೊಂಡು, ಒಳಗೆ ಕನ್ನಡಿ ಹಿಡಿದು, ಅದೇ ಜಾಗದಲ್ಲಿ ಅದೇ ಗುರುತು ಇದೆಯೇ ಎಂದು ನೋಡಬೇಕು.

ವಿವರಣೆ ಓದುವಾಗ ಒಂದು ಪದದ ಮೇಲೆ ಕಣ್ಣಿಡಿ. ‘ಸಾಲಿಡ್ ಸ್ಪ್ರೂಸ್ ಟಾಪ್’ ಎಂದಿದ್ದರೆ ಇಡೀ ಮರ. ಬರೀ ‘ಸ್ಪ್ರೂಸ್ ಟಾಪ್’ ಎಂದಿದ್ದರೆ ಬಹುತೇಕ ಪ್ಲೈ ಎಂದೇ ತಿಳಿಯಿರಿ. ಸಾಲಿಡ್ ಟಾಪ್ ಇದ್ದವರು ಅದನ್ನು ಹೇಳದೆ ಬಿಡುವುದಿಲ್ಲ. ಹಿಂಬದಿ ಮತ್ತು ಪಕ್ಕದ ಹಲಗೆ ಪ್ಲೈ ಆಗಿದ್ದರೆ ಚಿಂತೆಯಿಲ್ಲ, ನಾದದ ಬಹುಪಾಲು ಮೇಲ್ಹಲಗೆಯದು. ಯಮಾಹಾ ಎಫ್‌ಜಿ800 ಇಂಥ ಗಿಟಾರ್: ಮೇಲೆ ಸಾಲಿಡ್ ಸ್ಪ್ರೂಸ್, ಉಳಿದದ್ದು ಪ್ಲೈ. ಬಹಳ ಮಾರಾಟವಾಗುವ ಮಾದರಿಯಾದ್ದರಿಂದ ಸೆಕೆಂಡ್ ಹ್ಯಾಂಡ್ ಆಗಿಯೂ ಸುಲಭವಾಗಿ ಸಿಗುತ್ತದೆ.

ಹಾಗೆಂದು ಪ್ಲೈ ಕೀಳಲ್ಲ. ಹವೆ ಒಣಗಿದರೂ ತೇವವಾದರೂ ಅದು ಸುಲಭಕ್ಕೆ ಸೀಳುವುದಿಲ್ಲ. ಪ್ರವಾಸಕ್ಕೆ, ಮಕ್ಕಳ ಕೈಗೆ, ಗಿಟಾರನ್ನು ಗೋಡೆಗೆ ಒರಗಿಸಿ ಮರೆಯುವವರಿಗೆ ಅದೇ ವಾಸಿ.

ನೋಡಲು ಹೋದಾಗ ಏನೇನು ಒಯ್ಯಬೇಕು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

ಒಯ್ಯಬೇಕಾದದ್ದು: ಮಿಲಿಮೀಟರ್ ಗುರುತಿರುವ ಉಕ್ಕಿನ ಸ್ಕೇಲ್, ಸುಮಾರು 60 ಸೆಂ.ಮೀ. ಉದ್ದದ ನೇರವಾದ ಪಟ್ಟಿ, ಸಣ್ಣ ಟಾರ್ಚ್, ಕೈಗನ್ನಡಿ, ಒಂದು ತುಂಡು ತೆಳು ಕಾಗದ, ಫೋನ್‌ನಲ್ಲಿ ಟ್ಯೂನರ್.

ಮೊದಲು ಶ್ರುತಿ ಮಾಡಿ. ಸಡಿಲ ತಂತಿಯಲ್ಲಿ ಅಳೆದದ್ದೆಲ್ಲ ಸುಳ್ಳು. ಶ್ರುತಿ ಮಾಡುವಾಗಲೇ ಬಿರಡೆಗಳ ಪರೀಕ್ಷೆಯೂ ಆಗಿಹೋಗುತ್ತದೆ: ತಿರುಗಿಸಿದರೂ ಒಂದಿಷ್ಟು ಹೊತ್ತು ಶ್ರುತಿ ಏರದೆ ಆಮೇಲೆ ಧಡಕ್ಕನೆ ಏರಿದರೆ, ಬಿರಡೆಯ ಹಲ್ಲು ಸವೆದಿರಬಹುದು, ಇಲ್ಲವೇ ನಟ್‌ನ ಸೀಳಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿರಬಹುದು. ಎರಡಕ್ಕೂ ಹೆಚ್ಚು ಖರ್ಚಿಲ್ಲ.

ಆಮೇಲೆ ಕುತ್ತಿಗೆಯ ಬಾಗು. ದಪ್ಪ ತಂತಿಯನ್ನು 1ನೇ ಫ್ರೆಟ್‌ನಲ್ಲೂ 14ನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಆಗ ತಂತಿಯೇ ನೇರ ಪಟ್ಟಿಯ ಕೆಲಸ ಮಾಡುತ್ತದೆ. 6–7ನೇ ಫ್ರೆಟ್‌ನ ನೆತ್ತಿಗೂ ತಂತಿಗೂ ನಡುವೆ 0.1ರಿಂದ 0.25 ಮಿ.ಮೀ. ಸಂದಿ ಇರಬೇಕು, ಹೆಚ್ಚೆಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಅದಕ್ಕಿಂತ ಹೆಚ್ಚಿದ್ದರೆ ಕುತ್ತಿಗೆ ಮುಂದಕ್ಕೆ ಬಾಗಿದೆ. ಸಂದಿಯೇ ಇಲ್ಲದಿದ್ದರೆ ನೆಟ್ಟಗಿದೆ ಅಥವಾ ಹಿಂದಕ್ಕೆ ಬಾಗಿದೆ. ಟ್ರಸ್ ರಾಡ್ ಕೆಲಸ ಮಾಡುತ್ತಿದ್ದರೆ ಎರಡೂ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತವೆ. ಕೆಲಸ ಮಾಡುತ್ತಿದೆಯೇ ಎಂಬುದೇ ಪ್ರಶ್ನೆ. ಮುಚ್ಚಳ ತೆಗೆದು ನೋಡಲು ಅನುಮತಿ ಕೇಳಿ. ಆರುಮೂಲೆಯ ರಂಧ್ರದ ಮೂಲೆಗಳು ಸವೆದು ದುಂಡಗಾಗಿದ್ದರೆ ಯಾರೋ ತಪ್ಪು ಅಳತೆಯ ಕೀಲಿ ಹಾಕಿ ತಿರುಗಿಸಿದ್ದಾರೆ ಎಂದರ್ಥ.

ಮೂರನೆಯದು ಫ್ರೆಟ್‌ಗಳು. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒತ್ತಿ ಒಂದೊಂದು ಸ್ವರ ನುಡಿಸಿ. ಬೇಸರದ ಕೆಲಸ, ಆದರೆ ಐದು ನಿಮಿಷಕ್ಕಿಂತ ಹೆಚ್ಚಾಗದು. ಎಲ್ಲಿ ಬರ್ರೆನ್ನುತ್ತದೆ, ಎಲ್ಲಿ ದನಿ ಸತ್ತುಹೋಗುತ್ತದೆ ಗುರುತಿಟ್ಟುಕೊಳ್ಳಿ. ಮೊದಲ ಮೂರು ಫ್ರೆಟ್‌ಗಳಲ್ಲಿ ತೆಳು ತಂತಿಗಳ ಕೆಳಗೆ ಗುಳಿ ಬಿದ್ದಿರುವುದು ಸಾಮಾನ್ಯ. ಗುಳಿ ಆಳವಿಲ್ಲದಿದ್ದರೆ ಫ್ರೆಟ್ ಮಟ್ಟ ಮಾಡಿಸಿದರೆ ಸಾಕು. ಲೋಹ ಅರ್ಧದಷ್ಟು ಸವೆದಿದ್ದರೆ ಬದಲಾಯಿಸಬೇಕಾಗುತ್ತದೆ, ಅದು ದೊಡ್ಡ ಕೆಲಸ. ಫ್ರೆಟ್‌ಗಳ ತುದಿ ಅಂಗೈಗೆ ಗರಗಸದಂತೆ ತಾಗಿದರೆ ಗಿಟಾರ್ ಒಣಹವೆಯಲ್ಲಿತ್ತು: ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ. ಅಂಥದ್ದರಲ್ಲಿ ಬಿರುಕುಗಳನ್ನು ಇನ್ನಷ್ಟು ಗಮನವಿಟ್ಟು ಹುಡುಕಿ.

ಕೊನೆಗೆ ಗಿಟಾರ್‌ನ ಪೆಟ್ಟಿಗೆ (ಒಡಲು). ಬ್ರಿಡ್ಜ್‌ನ (ಮೇಲ್ಹಲಗೆಗೆ ಅಂಟಿಸಿದ, ತಂತಿಗಳನ್ನು ಹಿಡಿದಿಡುವ ಮರದ ತುಂಡು) ಹಿಂದಿನ ಅಂಚಿಗೆ ಕಾಗದ ತೂರಿಸಿ. ಒಳಹೋದರೆ ಅಂಟು ಬಿಡುತ್ತಿದೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಗಿಟಾರ್ ಬಿಟ್ಟರೆ ಆಗುವುದು ಇದೇ, ಬಿಸಿಗೆ ಅಂಟು ಮೆತ್ತಗಾಗಿ ತಂತಿಗಳ ಎಳೆತಕ್ಕೆ ಬ್ರಿಡ್ಜ್ ಎದ್ದು ಬರುತ್ತದೆ. ಬ್ರಿಡ್ಜ್‌ನ ಹಿಂದೆ ಮೇಲ್ಹಲಗೆ ಸ್ವಲ್ಪ ಉಬ್ಬಿರುವುದು ಸಹಜ. ಉಬ್ಬಿನ ಜೊತೆ ಸೌಂಡ್ ಹೋಲ್ ಕಡೆ ತಗ್ಗು ಕಂಡರೆ ಮೇಲ್ಹಲಗೆಗೆ ಒಳಗಿನಿಂದ ಆಧಾರ ಕೊಡುವ ಮರದ ಪಟ್ಟಿ ಸಡಿಲವಾಗಿರಬಹುದು. ಬೆರಳ ಗೆಣ್ಣಿನಿಂದ ಮೇಲ್ಹಲಗೆಯನ್ನೂ ಹಿಂಬದಿಯನ್ನೂ ಅಲ್ಲಲ್ಲಿ ತಟ್ಟಿ. ಗಟ್ಟಿ ದನಿಯ ನಡುವೆ ಒಂದು ಕಡೆ ಚರಚರ ಎಂದರೆ ಅಲ್ಲಿ ಅಂಟು ಬಿಟ್ಟಿದೆ. ಸೌಂಡ್ ಹೋಲ್‌ಗೆ ಮೂಗಿಟ್ಟು ನೋಡುವುದನ್ನೂ ಮರೆಯಬೇಡಿ, ಬೂಷ್ಟಿನ ವಾಸನೆ ಸುಲಭಕ್ಕೆ ಹೋಗುವಂಥದ್ದಲ್ಲ.

ತಂತಿ ತುಂಬ ಮೇಲಿದೆ. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಕೂರುವ ತೆಳು ತುಂಡು) ಉಜ್ಜಿದರೆ ಸಾಕಲ್ಲವೇ?

ಕೆಲವೊಮ್ಮೆ ಸಾಕು. ಕೆಲವೊಮ್ಮೆ ಗಿಟಾರ್‌ನ ಬೆಲೆಗಿಂತ ರಿಪೇರಿಯೇ ಹೆಚ್ಚಾಗುತ್ತದೆ, ಮೂಗಿಗಿಂತ ಮೂಗುತಿ ಭಾರ. ಯಾವುದೆಂದು ಅಲ್ಲೇ ತಿಳಿಯಬಹುದು.

12ನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ತಳದವರೆಗೆ ಅಳೆಯಿರಿ. ಉಕ್ಕಿನ ತಂತಿಯ ಗಿಟಾರ್‌ನಲ್ಲಿ ದಪ್ಪ ತಂತಿ ಸುಮಾರು 2.4–2.8 ಮಿ.ಮೀ., ತೆಳು ತಂತಿ ಸುಮಾರು 1.6–2.0 ಮಿ.ಮೀ. ಇದ್ದರೆ ಹಿತ. ಈಗ ದಪ್ಪ ತಂತಿ 3.5 ಇದೆ, 2.5ಕ್ಕೆ ಇಳಿಸಬೇಕು ಅಂದುಕೊಳ್ಳಿ. 12ನೇ ಫ್ರೆಟ್ ಇರುವುದು ತಂತಿಯ ನಟ್ಟನಡುವೆ. ಹಾಗಾಗಿ ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 2 ಮಿ.ಮೀ. ಇಳಿಸಬೇಕು. ಇಳಿಸಿದ ಮೇಲೂ ಸ್ಯಾಡಲ್ ಬ್ರಿಡ್ಜ್‌ನ ಮರಕ್ಕಿಂತ 2–3 ಮಿ.ಮೀ. ಮೇಲಿರಬೇಕು; ಇಲ್ಲದಿದ್ದರೆ ತಂತಿ ಅದರ ಮೇಲೆ ಸಾಕಷ್ಟು ಒತ್ತುವುದಿಲ್ಲ, ನಾದ ಮಂಕಾಗುತ್ತದೆ. ಅಂದರೆ ಈ ಗಿಟಾರ್‌ನಲ್ಲಿ ಈಗ ಸ್ಯಾಡಲ್ 4–5 ಮಿ.ಮೀ. ಎದ್ದು ಕಾಣುತ್ತಿದ್ದರೆ ನಿಶ್ಚಿಂತೆ. ಆಗಲೇ ಬ್ರಿಡ್ಜ್‌ಗೆ ಸಮವಾಗಿ ಉಜ್ಜಿದ್ದು, ತಂತಿ ಇನ್ನೂ ಮೇಲೆಯೇ ಇದ್ದರೆ, ಕುತ್ತಿಗೆ ಪೆಟ್ಟಿಗೆಗೆ ಕೂಡುವ ಕೋನವೇ ಕುಸಿದಿದೆ.

ಖಚಿತಪಡಿಸಿಕೊಳ್ಳಲು ನೇರ ಪಟ್ಟಿಯನ್ನು ತಂತಿಗಳ ನಡುವೆ ಫ್ರೆಟ್‌ಗಳ ಮೇಲೆ ಇಟ್ಟು ಬ್ರಿಡ್ಜ್‌ನವರೆಗೆ ಚಾಚಿ. ಪಟ್ಟಿಯ ತಳ ಬ್ರಿಡ್ಜ್‌ನ ನೆತ್ತಿಯನ್ನು ಸವರಿಕೊಂಡು ಹೋದರೆ ಕೋನ ಸರಿ. ಪಟ್ಟಿಯ ತುದಿ ಬ್ರಿಡ್ಜ್‌ನ ಮುಂಭಾಗಕ್ಕೆ ಢಿಕ್ಕಿ ಹೊಡೆದರೆ ಕುತ್ತಿಗೆಯನ್ನು ಬಿಚ್ಚಿ, ಕೋನ ಸರಿಪಡಿಸಿ, ಮತ್ತೆ ಕೂರಿಸಬೇಕು. ಬೋಲ್ಟ್ ಹಾಕಿದ ಕುತ್ತಿಗೆಯಾದರೆ ಇದು ಸಾಧಾರಣ ಕೆಲಸ. ಅಂಟಿಸಿದ ಕುತ್ತಿಗೆಯನ್ನು ಹಬೆ ಹಾಯಿಸಿ ಬಿಡಿಸಬೇಕು, ಪಳಗಿದ ಕೈಯೇ ಬೇಕು. ದುಬಾರಿ ಗಿಟಾರ್‌ಗೆ ಇದನ್ನು ಮಾಡಿಸಬಹುದು, ಅಗ್ಗದ್ದಕ್ಕೆ ಲೆಕ್ಕ ಕೂಡುವುದಿಲ್ಲ. ಟ್ರಸ್ ರಾಡ್ ತಿರುಗಿಸಿ ಇದನ್ನು ಸರಿಪಡಿಸಬಹುದು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅದು ಕುತ್ತಿಗೆಯ ಬಾಗನ್ನು ತಿದ್ದುತ್ತದೆ, ಕೋನವನ್ನಲ್ಲ.

ನಟ್‌ನ ಕಡೆಯೂ ನೋಡಿ. ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿದಾಗ 1ನೇ ಫ್ರೆಟ್‌ನ ಮೇಲೆ ಕೂದಲೆಳೆಯಷ್ಟು ಸಂದಿ ಸಾಕು. ಅಲ್ಲಿ ಎತ್ತರ ಹೆಚ್ಚಿದ್ದರೆ ಎಫ್ ಕಾರ್ಡ್ (ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯುವುದು ಕುಸ್ತಿ ಆಡಿದಂತಾಗುತ್ತದೆ, ಸ್ವರವೂ ಶ್ರುತಿಗಿಂತ ಏರುತ್ತದೆ. ಎಷ್ಟೋ ಜನ ಕಲಿಯುವುದನ್ನು ಬಿಟ್ಟು ಗಿಟಾರ್ ಮಾರಲು ಇದೇ ಕಾರಣ. ಸೀಳುಗಳನ್ನು ಅರದಿಂದ ಆಳ ಮಾಡಿದರೆ ಮುಗಿಯಿತು. ಇಂಥ ಗಿಟಾರ್ ಸಿಕ್ಕರೆ ಬಿಡಬೇಡಿ.

ಯಾವ ದೋಷಕ್ಕೆ ಹೆದರಬೇಕಿಲ್ಲ, ಯಾವುದು ಕಂಡರೆ ಎದ್ದು ಬರಬೇಕು?

ಹೆದರಬೇಕಿಲ್ಲದವು: ಹಳೆ ತಂತಿ, ಕಳೆದುಹೋದ ಬ್ರಿಡ್ಜ್ ಪಿನ್ (ತಂತಿಯ ತುದಿಯನ್ನು ಹಿಡಿದಿಡುವ ಗೂಟ), ಒಡೆದ ನಟ್ ಅಥವಾ ಸ್ಯಾಡಲ್, ಕೆಟ್ಟ ಬಿರಡೆ, ಎದ್ದ ಪಿಕ್‌ಗಾರ್ಡ್ (ಮೇಲ್ಹಲಗೆಗೆ ಗೀರು ಬೀಳದಂತೆ ಅಂಟಿಸುವ ಹಾಳೆ), ಪಾಲಿಶ್‌ನಲ್ಲಿ ಮಾತ್ರ ಇರುವ ಗೆರೆಗಳು. ಚೌಕಾಸಿಗೆ ಒದಗುವವು: ಸವೆದ ಫ್ರೆಟ್, ಎದ್ದ ಬ್ರಿಡ್ಜ್, ಒಂದೆರಡು ಸಡಿಲ ಪಟ್ಟಿ, ಎಳೆಗುಂಟ ಹೋದ ಒಂದು ಬಿರುಕು. ಎಳೆಗುಂಟ ಬಿರುಕಿಗೆ ಒಳಗಿನಿಂದ ಚಿಕ್ಕ ಮರದ ಬಿಲ್ಲೆಗಳನ್ನು ಅಂಟಿಸಿ ಭದ್ರಪಡಿಸಬಹುದು. ಒಳಗೆ ಕನ್ನಡಿ ಹಿಡಿದಾಗ ಅಂಥ ಬಿಲ್ಲೆಗಳು ಆಗಲೇ ಕಂಡರೆ ಹಿಂದೊಮ್ಮೆ ರಿಪೇರಿ ಆಗಿದೆ; ನೀಟಾಗಿದ್ದರೆ ಸರಿಯೇ.

ಎದ್ದು ಬರಬೇಕಾದವು: ತಿರುಚಿದ ಕುತ್ತಿಗೆ (ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಎರಡು ಅಂಚುಗಳು ಸಮಾಂತರವಾಗಿ ಕಾಣುವುದಿಲ್ಲ), ಮುರಿದ ಟ್ರಸ್ ರಾಡ್, ಅಗ್ಗದ ಗಿಟಾರ್‌ನಲ್ಲಿ ಕುಸಿದ ಕೋನ, ಎಳೆಗೆ ಅಡ್ಡಲಾಗಿ ಒಡೆದ ಮೇಲ್ಹಲಗೆ. 12 ತಂತಿಯ ಗಿಟಾರ್ ಆದರೆ ಇವನ್ನೆಲ್ಲ ಎರಡು ಸಲ ನೋಡಿ, ಅದರ ಕುತ್ತಿಗೆಯ ಮೇಲೆ ಎಳೆತ ಬಹಳ ಹೆಚ್ಚು.

ತಲೆ ಮುರಿದು ಅಂಟಿಸಿದ ಗಿಟಾರ್ ಕೊಳ್ಳಬಹುದೇ?

ಕೊಳ್ಳಬಹುದು, ಮರಳಿ ಮಾರುವ ಯೋಚನೆ ಇಲ್ಲದಿದ್ದರೆ. ನಟ್‌ನ ಹಿಂದೆ ಕುತ್ತಿಗೆ ತೆಳು, ಟ್ರಸ್ ರಾಡ್‌ನ ಗುಳಿ ಅಲ್ಲಿಗೇ ಬಂದಿದ್ದರೆ ಇನ್ನೂ ತೆಳು. ಬಿದ್ದರೆ ಮುರಿಯುವುದು ಅಲ್ಲೇ. ಉದ್ದಕ್ಕೆ ಓರೆಯಾಗಿ ಸೀಳಿದ್ದು, ಎರಡು ಭಾಗಗಳು ಸರಿಯಾಗಿ ಕೂತಿದ್ದರೆ, ಅಂಟು ಮರದಷ್ಟೇ ಗಟ್ಟಿ. ನಾದಕ್ಕೂ ತೊಂದರೆಯಿಲ್ಲ. ಆದರೆ ಮಾರುಕಟ್ಟೆ ಇದನ್ನು ಕ್ಷಮಿಸುವುದಿಲ್ಲ, ಬೆಲೆ ಅರ್ಧಕ್ಕೂ ಇಳಿಯುವುದುಂಟು. ಬೆರಳು ಸವರಿದಾಗ ಮೆಟ್ಟಿಲಿನಂತೆ ತಾಗಿದರೆ, ಅಥವಾ ಒಮ್ಮೆ ಅಂಟಿಸಿದ್ದು ಮತ್ತೆ ಬಿಟ್ಟುಕೊಂಡಿದ್ದರೆ ಬೇಡ: ಹಳೆ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ.

ಬಿ-ಸ್ಟಾಕ್, ಡೆಮೊ, ಓಪನ್ ಬಾಕ್ಸ್, ಫ್ಯಾಕ್ಟರಿ ಸೆಕೆಂಡ್ ಎಂದರೇನು?

ಓಪನ್ ಬಾಕ್ಸ್: ಯಾರೋ ತರಿಸಿ, ತೆರೆದು, ಹಿಂದಿರುಗಿಸಿದ್ದು. ಡೆಮೊ: ಅಂಗಡಿಯಲ್ಲಿ ಎಲ್ಲರೂ ನುಡಿಸಿ ನೋಡಿದ್ದು. ಫ್ಯಾಕ್ಟರಿ ಸೆಕೆಂಡ್: ಕಾರ್ಖಾನೆಯಲ್ಲೇ ಕಂಡುಬಂದ ಕೊರತೆ, ಸಾಮಾನ್ಯವಾಗಿ ಪಾಲಿಶ್‌ನದು. ಗಿಬ್ಸನ್ ಇಂಥವುಗಳ ತಲೆಯ ಹಿಂಭಾಗದಲ್ಲಿ ಗುರುತು ಒತ್ತಿದ್ದುಂಟು. ಬಿ-ಸ್ಟಾಕ್ ಎಂಬ ಮಾತನ್ನು ಅಂಗಡಿಯವರು ಈ ಮೂರಕ್ಕೂ ಬಳಸುತ್ತಾರೆ. ಹಾಗಾಗಿ ಎರಡು ಪ್ರಶ್ನೆ ಕೇಳಿ: ದೋಷ ನಿರ್ದಿಷ್ಟವಾಗಿ ಎಲ್ಲಿದೆ? ತಯಾರಕರ ವಾರಂಟಿ ಪೂರ್ತಿ ಇದೆಯೇ? ಪಕ್ಕದಲ್ಲೊಂದು ಚಿಕ್ಕ ಗೀರು, ವಾರಂಟಿ ಪೂರ್ತಿ ಎಂಬ ಉತ್ತರ ಬಂದರೆ ಹೊಸ ಗಿಟಾರ್ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಮಾದರಿ ಬದಲಾಗುವಾಗ ಉಳಿದ ಹಳೆ ದಾಸ್ತಾನೂ ಹೀಗೆಯೇ. ಹೊಸ ಮಾದರಿಯಲ್ಲಿ ಎಷ್ಟೋ ಸಲ ಬಣ್ಣವೋ ಬಿರಡೆಯೋ ಮಾತ್ರ ಬದಲಾಗಿರುತ್ತದೆ.

ಜಾಹೀರಾತುಗಳಲ್ಲಿ ಹುಡುಕಲು ಏನಾದರೂ ಉಪಾಯ?

ಗೊತ್ತಿಲ್ಲದವರು ಹೇಗೆ ಬರೆಯುತ್ತಾರೋ ಹಾಗೆ ಹುಡುಕಿ. ಮಾದರಿ ಸಂಖ್ಯೆ ಹಾಕದೆ ‘ಹಳೆ ಗಿಟಾರ್’, ‘ಮರದ ಗಿಟಾರ್’ ಎಂದು ಹಾಕುವವರಿದ್ದಾರೆ. ಕಂಪನಿ ಹೆಸರಿನ ಕಾಗುಣಿತ ತಪ್ಪಿಸುವವರೂ ಇದ್ದಾರೆ. ತಪ್ಪು ಕಾಗುಣಿತದ ಜಾಹೀರಾತು ಉಳಿದವರ ಹುಡುಕಾಟಕ್ಕೆ ಸಿಗುವುದಿಲ್ಲ. ಹೊಸದು ಮೊದಲು ಬರುವಂತೆ ಜೋಡಿಸಿಕೊಂಡು, ಹುಡುಕಾಟವನ್ನು ಉಳಿಸಿ, ಸೂಚನೆ ಬರುವಂತೆ ಇಟ್ಟುಕೊಳ್ಳಿ. ಒಳ್ಳೆಯದು ಗಂಟೆಗಟ್ಟಲೆ ನಿಲ್ಲುವುದಿಲ್ಲ. ಇನ್ನೊಂದು ಗುಂಪು: ತಿಂಗಳುಗಟ್ಟಲೆ ಮಾರಾಟವಾಗದೆ ಉಳಿದವು. ಅವುಗಳ ಮಾಲೀಕರು ಬೆಲೆ ಇಳಿಸಲು ಸಿದ್ಧರಿರುತ್ತಾರೆ. ಚೀಲ, ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್), ಸ್ಟ್ಯಾಂಡ್, ಟ್ಯೂನರ್ ಸಮೇತ ಕೊಡುವವರು ಸಿಕ್ಕರೆ ಅವುಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಫೋಟೋ ನೋಡಿಯೇ ಕೊಳ್ಳಬೇಕಾದರೆ ಏನು ಕೇಳಬೇಕು?

ಇಷ್ಟು ಫೋಟೋ ಕೇಳಿ: ಬ್ರಿಡ್ಜ್ ಮತ್ತು ಸ್ಯಾಡಲ್ ಪಕ್ಕದಿಂದ, 12ನೇ ಫ್ರೆಟ್‌ನಲ್ಲಿ ಸ್ಕೇಲ್ ನಿಲ್ಲಿಸಿದ್ದು, ಮೊದಲ ಐದು ಫ್ರೆಟ್ ಹತ್ತಿರದಿಂದ, ತಲೆಯ ಹಿಂಭಾಗ, ನಟ್‌ನ ಬಳಿ, ಮೇಲ್ಹಲಗೆಯ ಮೇಲೆ ಬೆಳಕು ಓರೆಯಾಗಿ ಬಿದ್ದಿರುವಂತೆ, ಒಳಗಿನ ಚೀಟಿ ಮತ್ತು ಸೀರಿಯಲ್ ಸಂಖ್ಯೆ. ಜೊತೆಗೆ ಒಂದು ಕಾಗದದಲ್ಲಿ ಅಂದಿನ ದಿನಾಂಕ ಬರೆದು ಗಿಟಾರ್ ಪಕ್ಕ ಇಟ್ಟ ಫೋಟೋ. ಗಿಟಾರ್ ಕೈಯಲ್ಲಿ ಇಲ್ಲದ ಮೋಸಗಾರರು ಇಲ್ಲಿಗೇ ನುಣುಚಿಕೊಳ್ಳುತ್ತಾರೆ. ಜಾಹೀರಾತಿನ ಫೋಟೋವನ್ನು ಚಿತ್ರ ಹುಡುಕಾಟಕ್ಕೆ ಹಾಕಿದರೆ ಬೇರೆ ಕಡೆಯಿಂದ ಕದ್ದದ್ದೂ ಗೊತ್ತಾಗುತ್ತದೆ. ‘ಬೇರೆಯವರೂ ಕೇಳುತ್ತಿದ್ದಾರೆ, ಈಗಲೇ ಮುಂಗಡ ಹಾಕಿ’ ಎಂದು ಅವಸರಪಡಿಸಿದರೆ ಮಾತು ಮುಗಿಸಿ.

ಹೆಸರಾಂತ ಕಂಪನಿಯ ಗಿಟಾರ್ ತೀರಾ ಕಡಿಮೆಗೆ ಇದೆ. ನಕಲಿಯೋ?

ಕಳವಿನದ್ದೂ ಇರಬಹುದು. ಸೀರಿಯಲ್ ಸಂಖ್ಯೆ ಕೆರೆದು ಹಾಕಿದ್ದರೆ ಮುಟ್ಟಬೇಡಿ. ನಕಲಿ ಹಿಡಿಯಲು, ತಯಾರಕರ ತಾಣದಲ್ಲಿ ಅದೇ ಮಾದರಿಯ ತಲೆಯ ಆಕಾರ, ಲೋಗೋದ ಅಕ್ಷರ, ಬಿರಡೆ, ಬ್ರಿಡ್ಜ್ ಹೋಲಿಸಿ. ಮಾರ್ಟಿನ್ ಗಿಟಾರ್‌ಗಳಲ್ಲಿ ಸೀರಿಯಲ್ ಸಂಖ್ಯೆ ಇರುವುದು ಒಳಗೆ, ಕುತ್ತಿಗೆ ಕೂಡುವ ಮರದ ದಿಮ್ಮಿಯ ಮೇಲೆ. ಸಂಖ್ಯೆಯಿಂದ ತಯಾರಾದ ವರ್ಷ ತಿಳಿಯುತ್ತದೆ. ವರ್ಷಕ್ಕೂ ವಿವರಕ್ಕೂ ತಾಳೆಯಾಗಬೇಕು. ಉದಾಹರಣೆಗೆ, ಮಾರ್ಟಿನ್ ಹೊಂದಿಸಬಲ್ಲ ಟ್ರಸ್ ರಾಡ್ ಹಾಕತೊಡಗಿದ್ದು 1985ರಲ್ಲಿ. 1970ರ ದಶಕದ್ದು ಎಂದು ಹೇಳುವ ಗಿಟಾರ್‌ನಲ್ಲಿ ಅದು ಕಂಡರೆ ಕಥೆ ಕೂಡುವುದಿಲ್ಲ. ಅಂದಹಾಗೆ, ಅದಕ್ಕೂ ಹಿಂದಿನ ನಿಜವಾದ ಮಾರ್ಟಿನ್‌ಗಳಲ್ಲಿ ಬಾಗು ಹೆಚ್ಚಿದ್ದರೆ ಕೀಲಿ ತಿರುಗಿಸಿ ಸರಿಪಡಿಸುವ ಅವಕಾಶ ಇಲ್ಲ ಎಂಬುದನ್ನೂ ಬೆಲೆಯಲ್ಲಿ ಹಿಡಿಯಿರಿ.

ಹಳೆಯದಾದಷ್ಟೂ ಒಳ್ಳೆಯದು ಎನ್ನುತ್ತಾರಲ್ಲ?

ಇಡೀ ಮರದ, ಚೆನ್ನಾಗಿ ನುಡಿಸಿದ ಗಿಟಾರ್‌ನ ನಾದ ವರ್ಷ ಕಳೆದಂತೆ ತೆರೆದುಕೊಳ್ಳುತ್ತದೆ ಎಂಬುದು ಬಹಳ ಜನರ ಅನುಭವ. ಆದರೆ ಕುತ್ತಿಗೆಯ ಕೋನ ಕುಸಿಯುವುದೂ ವರ್ಷ ಕಳೆದಂತೆಯೇ. ‘ವಿಂಟೇಜ್’ ಎಂಬ ಒಂದೇ ಪದಕ್ಕೆ ಹೆಚ್ಚು ಹಣ ಕೊಡಬೇಡಿ. ಯಮಾಹಾದ ಎಫ್‌ಜಿ180 ಮಾದರಿ 1966ರಲ್ಲಿ ಬಂತು. ಒಳಗೆ ಕೆಂಪು ಚೀಟಿ ಇರುವ ಹಳೆಯವಕ್ಕೆ ಈಗ ಬೇಡಿಕೆ ಇದೆ, ನಾದವೂ ಚೆಂದ. ಆದರೂ ಅದರ ಮೇಲ್ಹಲಗೆ ಪ್ಲೈ. ಸಾಲಿಡ್ ಎಂದು ಹೇಳಿ ಮಾರಲು ಬಂದರೆ ಸೌಂಡ್ ಹೋಲ್‌ನ ಅಂಚು ನೋಡಿ.

ಗಡಿ ದಾಟಿ ಬರುವ ಹಳೆ ಗಿಟಾರ್ ಆದರೆ ಮರದ ವಿಷಯ ಬರುತ್ತದೆ. ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಕಾಗದಪತ್ರ ಇಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ. ಉಳಿದ ರೋಸ್‌ವುಡ್‌ಗಳನ್ನೂ 2017ರಲ್ಲಿ ನಿಯಂತ್ರಣಕ್ಕೆ ತಂದಿದ್ದರು, 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಪಿಕಪ್ (ಗಿಟಾರ್‌ನ ದನಿಯನ್ನು ಆಂಪ್‌ಗೆ, ಅಂದರೆ ಧ್ವನಿವರ್ಧಕಕ್ಕೆ ಕಳಿಸುವ ಸಾಧನ) ಇದ್ದರೆ ಹೆಚ್ಚು ಕೊಡಬಹುದೇ?

ವೇದಿಕೆಯಲ್ಲಿ ನುಡಿಸುವುದಾದರೆ ಮಾತ್ರ. ಒಂದೇ ಬೆಲೆಯ ಎರಡು ಹೊಸ ಗಿಟಾರ್‌ಗಳಲ್ಲಿ ಪಿಕಪ್ ಇಲ್ಲದ್ದರ ಮರಕ್ಕೆ ಹೆಚ್ಚು ಹಣ ಹೋಗಿರುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಆಂಪ್‌ಗೆ ಜೋಡಿಸಿ, ಆರೂ ತಂತಿಗಳ ದನಿ ಸಮವಾಗಿದೆಯೇ, ಗುಂಡಿಗಳು ಕರಕರ ಎನ್ನುತ್ತವೆಯೇ ನೋಡಿ. ಬ್ಯಾಟರಿ ಗೂಡು ತೆರೆಯಿರಿ. ಸೋರಿದ 9 ವೋಲ್ಟ್ ಬ್ಯಾಟರಿ ಎಷ್ಟೋ ಪ್ರಿಆಂಪ್‌ಗಳನ್ನು (ಪಿಕಪ್‌ನ ದನಿಗೆ ಬಲ ಕೊಡುವ ಸರ್ಕಿಟ್) ಕೊಂದಿದೆ. ಪಿಕಪ್ ಕೆಟ್ಟಿದ್ದು ಗಿಟಾರ್ ಚೆನ್ನಾಗಿದ್ದರೆ, ಪಿಕಪ್ ಇಲ್ಲ ಎಂದೇ ಬೆಲೆ ಕಟ್ಟಿ.

ಚೌಕಾಸಿ ಹೇಗೆ ಮಾಡುವುದು?

ದೋಷವನ್ನು ಹೀಗಳೆಯಬೇಡಿ, ಲೆಕ್ಕ ಮುಂದಿಡಿ. ‘ಫ್ರೆಟ್ ಮಟ್ಟ ಮಾಡಿಸಲು ಇಷ್ಟು, ಸ್ಯಾಡಲ್‌ಗೆ ಇಷ್ಟು, ತಂತಿಗೆ ಇಷ್ಟು, ಇವನ್ನು ಕಳೆದು ನಾನು ಇಷ್ಟು ಕೊಡಬಲ್ಲೆ’ ಎಂದರೆ ಮಾರುವವರಿಗೂ ಅವಮಾನವಾಗುವುದಿಲ್ಲ. ಅದಕ್ಕಾಗಿ ಹೋಗುವ ಮೊದಲೇ ರಿಪೇರಿಯವರ ಬಳಿ ದರ ಕೇಳಿಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಬೆಲೆ ಇಳಿಸದಿದ್ದರೆ ಸೆಟಪ್, ತಂತಿ, ಚೀಲ ಸೇರಿಸಿ ಕೊಡಲು ಕೇಳಿ. ಅವರಿಗೆ ಅದು ಸುಲಭ.

ನೈಲಾನ್ ತಂತಿಯ ಗಿಟಾರ್ ಅಗ್ಗಕ್ಕೆ ಸಿಕ್ಕಿದೆ. ಉಕ್ಕಿನ ತಂತಿ ಹಾಕಬಹುದೇ?

ಬೇಡ. ನೈಲಾನ್ ಸೆಟ್‌ನ ಎಳೆತ ಒಟ್ಟು 40 ಕೆ.ಜಿ. ಆಸುಪಾಸು, ಲೈಟ್ (ತೆಳು) ಉಕ್ಕಿನ ಸೆಟ್‌ನದು 70 ದಾಟುತ್ತದೆ. ಬ್ರಿಡ್ಜ್ ಕಿತ್ತು ಬರುತ್ತದೆ, ಇಲ್ಲವೇ ಕುತ್ತಿಗೆ ಬಾಗುತ್ತದೆ. ಅದರ ಕುತ್ತಿಗೆಯೂ ಅಗಲ, ನಟ್ ಸುಮಾರು 52 ಮಿ.ಮೀ.; ಉಕ್ಕಿನ ತಂತಿಯವು 43–45. ನೈಲಾನ್ ನಾದ ಇಷ್ಟವಾದರೆ ಮಾತ್ರ ಕೊಳ್ಳಿ.

ಎಡಗೈಯವರು ಬಲಗೈ ಗಿಟಾರ್ ತಿರುಗಿಸಿ ತಂತಿ ಹಾಕಿಕೊಂಡರೆ ಹಣ ಉಳಿಯುವುದಿಲ್ಲವೇ?

ನಟ್ ಬದಲಾಯಿಸಬೇಕು, ಸ್ಯಾಡಲ್‌ನ ಓರೆ ತಿರುಗಬೇಕು, ಇಲ್ಲದಿದ್ದರೆ ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ. ಉಳಿಯುವುದು ಅಷ್ಟಕ್ಕಷ್ಟೆ.

ಕೊರಿಯರ್‌ನಲ್ಲಿ ತರಿಸುವಾಗ?

ತಂತಿಗಳನ್ನು ಒಂದೆರಡು ಸ್ವರದಷ್ಟು ಸಡಿಲಿಸಿ ಕಳಿಸಲು ಹೇಳಿ, ಪೂರ್ತಿ ಬಿಚ್ಚುವುದು ಬೇಡ. ಗಿಟಾರ್ ಇಡುವ ಗಟ್ಟಿ ಪೆಟ್ಟಿಗೆಯೊಳಗೆ ತಲೆಯ ಕೆಳಗೂ ಪಕ್ಕಕ್ಕೂ ಕಾಗದವನ್ನು ಒತ್ತಾಗಿ ತುಂಬಿರಬೇಕು. ಪೆಟ್ಟಿಗೆ ಬಿದ್ದಾಗ ತಲೆ ಜೋಲಿ ಹೊಡೆದೇ ಮುರಿಯುವುದು. ಬಂದ ಡಬ್ಬ ತೆರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿ. ಹೊರಗೆ ತೀರಾ ಚಳಿಯಿದ್ದರೆ ಡಬ್ಬವನ್ನು ಕೆಲವು ಗಂಟೆ ಕೋಣೆಯಲ್ಲಿಟ್ಟು ಆಮೇಲೆ ತೆರೆಯಿರಿ, ಹಠಾತ್ ಬಿಸಿಗೆ ಪಾಲಿಶ್ ಒಡೆಯುತ್ತದೆ.

ಮನೆಗೆ ತಂದ ಮೇಲೆ ಮೊದಲು ಏನು ಮಾಡಬೇಕು?

ಎರಡು ಮೂರು ದಿನ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡಿ. 45–55 ಶೇಕಡಾ ಆರ್ದ್ರತೆ ಮರಕ್ಕೆ ಹಿತ. ನಂತರ ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಬಾಗು ಹೊಂದಿಸಿ. ಸ್ಯಾಡಲ್ ಮುಟ್ಟುವುದು ಬಾಗು ಸರಿಯಾದ ಮೇಲೆಯೇ, ಮತ್ತು ಉಜ್ಜುವುದು ಅದರ ತಳವನ್ನು, ನೆತ್ತಿಯನ್ನಲ್ಲ. ಮೂಲ ಸ್ಯಾಡಲನ್ನು ಎತ್ತಿಟ್ಟು ಹೊಸದೊಂದನ್ನು ಉಜ್ಜಿದರೆ ಇನ್ನೂ ಒಳ್ಳೆಯದು. ಹೆಚ್ಚು ಉಜ್ಜಿಬಿಟ್ಟರೆ ಹಳೆಯದನ್ನೇ ಹಾಕಿಕೊಳ್ಳಬಹುದು.